ಕೋಟಿಯ ಕಾರು, ನಮ್ಮ ಬೀದಿಯ ಹಂಪ್: ಪರ್ಫಾರ್ಮೆನ್ಸ್ ಸೆಡಾನ್ ಓಡಿಸಿ ನೋಡುವ ಬಗೆ

ನಮ್ಮ ಭಾವ ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರು. ಚಿಕ್ಕಂದಿನಿಂದ ಕಾರಿನ ಹುಚ್ಚು. ಮಕ್ಕಳ ಓದು ಮುಗಿಯಿತು, ಸಾಲ ತೀರಿತು, ಒಂದು ದಿನ ಫೋನ್ ಮಾಡಿ "ಬೆಂಗಳೂರಿಗೆ ಬರ್ತೀನಿ ಮಾರಾಯ, ಒಂದೆರಡು ಗಾಡಿ ಓಡಿಸಿ ನೋಡಿ ಬುಕ್ ಮಾಡೇ ಬಿಡೋಣ" ಅಂದರು. ಮೊದಲ ಷೋರೂಮ್‌ನಲ್ಲಿ ನಮಗೆ ಸಿಕ್ಕಿದ್ದು 12 ನಿಮಿಷ. ಎರಡು ಎಡ ತಿರುವು, ಒಂದು ಸಿಗ್ನಲ್, ಆಮೇಲೆ ಒಂದಿಷ್ಟು ಖಾಲಿ ರಸ್ತೆ. ಅಲ್ಲಿ ಸೇಲ್ಸ್ ಹುಡುಗ "ಈಗ ಒತ್ತಿ ಸರ್" ಅಂದ. ಭಾವ ಒತ್ತಿದರು. ಬೆನ್ನು ಸೀಟಿಗೆ ಅಂಟಿಕೊಂಡಿತು. ವಾಪಸ್ ಬಂದು ಇಳಿದಾಗ ಮುಖದಲ್ಲಿ ಇಪ್ಪತ್ತು ವರ್ಷದ ಹುಡುಗನ ನಗು. ಚೆಕ್‌ಬುಕ್ ಹೊರಗೆ ಬಂದಿತ್ತು.

ನಾನು ಕೇಳಿದೆ: "ಭಾವ, ಬ್ರೇಕ್ ಹೇಗಿತ್ತು?" ನೆನಪಿಲ್ಲ. "ಹಂಪ್ ಹತ್ತಿಸಿದ್ರಾ?" ದಾರಿಯಲ್ಲಿ ಹಂಪೇ ಇರಲಿಲ್ಲ. "ಅಕ್ಕ ಹಿಂದೆ ಕೂತ್ರೆ ಕಾಲಿಡೋಕೆ ಜಾಗ ಇದೆಯಾ?" ಅಕ್ಕ ಬಂದೇ ಇರಲಿಲ್ಲ.

ಚೆಕ್‌ಬುಕ್ ಒಳಗೆ ಹೋಯಿತು. ಆಮೇಲೆ ಮೂರು ವಾರಾಂತ್ಯ ಕೂತು, ಸರಿಯಾಗಿ ಓಡಿಸಿ ನೋಡಿದೆವು. ಆಗ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಪರ್ಫಾರ್ಮೆನ್ಸ್ ಸೆಡಾನ್, ಅಂದರೆ ಹಿಂದೆ ಡಿಕ್ಕಿ ಇರುವ ಭಾರಿ ಶಕ್ತಿಯ ಕಾರು. ಈ ದರ್ಜೆಯ ಕಾರುಗಳಲ್ಲಿ ವೇಗ ಎಲ್ಲದರಲ್ಲೂ ಇರುತ್ತದೆ. ಅದನ್ನು ನೋಡಲು ಟೆಸ್ಟ್ ಡ್ರೈವ್ ಬೇಕಿಲ್ಲ. ಒಂದು ಗಾಡಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಕಾಣುವುದು 30 ಕಿ.ಮೀ. ವೇಗದಲ್ಲಿ, ನೀವು ದಿನಾ ಓಡಾಡುವ ರಸ್ತೆಯಲ್ಲಿ.

ಮೊದಲು ಮನೆಯಲ್ಲಿ ಕೂತು ಮಾಡುವ ಕೆಲಸ

ನಿಮ್ಮ ಸಾಲು ಯಾವುದು ಅಂತ ತೀರ್ಮಾನಿಸಿ. ಬಿಎಂಡಬ್ಲ್ಯು ಎಂ340ಐ, ಆಡಿ ಎಸ್5, ಮರ್ಸಿಡಿಸ್‌ನ ಎಎಂಜಿ ಸಿ43, ಇವು ಒಂದು ಸಾಲು. ಅದರ ಮೇಲೆ ಬಿಎಂಡಬ್ಲ್ಯು ಎಂ5, ಎಎಂಜಿ ಸಿ63, ಪೋರ್ಷೆ ಪನಮೇರಾ. ಕರೆಂಟಿನ ಕಡೆ ಪೋರ್ಷೆ ಟೈಕಾನ್‌ನಂಥವು. ಎರಡು ಸಾಲಿನ ಗಾಡಿಗಳನ್ನು ಒಂದೇ ದಿನ ಓಡಿಸಬೇಡಿ. ಮೇಲಿನ ಸಾಲಿನದು ಓಡಿಸಿ ಇಳಿದ ಮೇಲೆ ಕೆಳಗಿನದು ಸಪ್ಪೆ ಅನ್ನಿಸುತ್ತದೆ, ಅದು ಆ ಗಾಡಿಯ ತಪ್ಪಲ್ಲ.

ಒಂದೇ ಸಾಲಿನಲ್ಲೂ ಬೆಲೆಯ ಅಂತರ ದೊಡ್ಡದು. 2022ರ ಡಿಸೆಂಬರ್‌ನಲ್ಲಿ ಹೊಸ ರೂಪದ ಎಂ340ಐ ಬಂದಾಗ ಎಕ್ಸ್ ಷೋರೂಮ್ 69.2 ಲಕ್ಷ. ಮುಂದಿನ ವರ್ಷ ಸಿ43 ಬಂದಿದ್ದು 98 ಲಕ್ಷಕ್ಕೆ. ಎಂ340ಐ ಚೆನ್ನೈನಲ್ಲಿ ಜೋಡಣೆಯಾಗುತ್ತದೆ, ಸಿ43 ಪೂರ್ತಿಯಾಗಿ ಹೊರದೇಶದಿಂದ ಬರುತ್ತದೆ. ಆಮದು ಸುಂಕವೇ ಅಷ್ಟು ತಿನ್ನುತ್ತದೆ. ಹಾಗಾಗಿ ಜಾಸ್ತಿ ಬೆಲೆ ಅಂದರೆ ಜಾಸ್ತಿ ಒಳ್ಳೆಯ ಕಾರು ಅಂದುಕೊಳ್ಳಬೇಡಿ. ಇನ್ನೊಂದು ವಿಷಯ: 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಜಿಎಸ್‌ಟಿ ಸೆಸ್ ಎಲ್ಲ ಹೋಗಿ 40% ಆಗಿದೆ. ಅದಕ್ಕೂ ಹಿಂದಿನ ವಿಡಿಯೋಗಳಲ್ಲಿ ಹೇಳಿದ ಬೆಲೆ ಈಗ ಲೆಕ್ಕಕ್ಕಿಲ್ಲ. ಹೊಸದಾಗಿ ಬರೆಸಿಕೊಳ್ಳಿ.

ಬರೆಸಿಕೊಳ್ಳುವಾಗ ಆನ್‌ರೋಡ್ ಬೆಲೆಯನ್ನೇ ಬರೆಸಿಕೊಳ್ಳಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಲೈಫ್ ಟ್ಯಾಕ್ಸ್ 18%, ಸೆಸ್ ಸೇರಿದರೆ ಹತ್ತಿರ ಹತ್ತಿರ 20%. ಕೋಟಿಯ ಕಾರಿಗೆ ಇದೊಂದೇ 20 ಲಕ್ಷ. 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರಿಗೆ 2024ರಿಂದ 10% ಇದೆ. ಇದಲ್ಲದೆ 1% ಟಿಸಿಎಸ್, ಅಂದರೆ ಮಾರುವವರೇ ಮುಂಚಿತವಾಗಿ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ, ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಯಾರಾದರೂ "ಪುದುಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ ಸರ್, ಉಳಿಯುತ್ತೆ" ಅಂದರೆ ಅಲ್ಲಿಂದ ಎದ್ದು ಬನ್ನಿ. ಅಂಥ ಗಾಡಿಗಳನ್ನು ನಮ್ಮ ಸಾರಿಗೆ ಇಲಾಖೆಯವರು ಬೆಂಗಳೂರಿನ ರಸ್ತೆಯಲ್ಲೇ ಹಿಡಿದು ತೆರಿಗೆ ಕಟ್ಟಿಸಿದ್ದಾರೆ.

ಅಂಕಿಗಳನ್ನು ಓದುವುದು: ಎಂ5 ಮತ್ತು ಸಿ63

ಹೋಲಿಕೆ ಹೇಗೆ ಮಾಡಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಿಕ್ಕಿಲ್ಲ. ಎರಡೂ 2024ರ ನವೆಂಬರ್‌ನಲ್ಲೇ ಭಾರತಕ್ಕೆ ಬಂದವು. ಆಗ ಎಂ5 ಬೆಲೆ 1.99 ಕೋಟಿ, ಸಿ63 ಬೆಲೆ 1.95 ಕೋಟಿ ಇತ್ತು. ಎರಡೂ ಪೆಟ್ರೋಲ್ ಜೊತೆ ಬ್ಯಾಟರಿ ಇಟ್ಟುಕೊಂಡಿರುವ ಹೈಬ್ರಿಡ್‌ಗಳು. 0ಯಿಂದ 100 ಕಿ.ಮೀ. ವೇಗಕ್ಕೆ ಎಂ5ಗೆ 3.5 ಸೆಕೆಂಡ್, ಸಿ63ಗೆ 3.4. ಕಾಗದದಲ್ಲಿ ಅವಳಿ ಮಕ್ಕಳು ಅನ್ನಿಸುತ್ತವೆ ಅಲ್ವಾ?

ಒಳಗೆ ಇಳಿದು ನೋಡಿ. ಎಂ5ರದ್ದು 4.4 ಲೀಟರಿನ ವಿ8, ಅಂದರೆ ಎಂಟು ಸಿಲಿಂಡರ್ ಎಂಜಿನ್. ಕರೆಂಟ್ ಮೋಟರ್ ಸೇರಿ 727 ಕುದುರೆ ಶಕ್ತಿ, 1,000 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ). ಸಿ63 ಒಂದು ಕಾಲದಲ್ಲಿ ವಿ8ಗೇ ಹೆಸರಾದ ಕಾರು. ಈಗ ಅದರಲ್ಲಿರುವುದು 2 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್. ಹಿಂದಿನ ಚಕ್ರಗಳ ಹತ್ತಿರ ಒಂದು ಮೋಟರ್. ಎರಡೂ ಸೇರಿ 680 ಕುದುರೆ ಶಕ್ತಿ. ತೂಕ ಎಂ5ಗೆ 2,400 ಕೆಜಿಗೂ ಜಾಸ್ತಿ, ಸಿ63ಗೆ ಸುಮಾರು 2,100. ಕುದುರೆ ಶಕ್ತಿಯನ್ನು ಟನ್ನಿಗೆ ಭಾಗಿಸಿ. ಎಂ5ಗೆ ಸುಮಾರು 300, ಸಿ63ಗೆ 320ರ ಆಸುಪಾಸು. ಶಕ್ತಿ ಕಡಿಮೆ ಇರುವ ಗಾಡಿಯೇ ಲೆಕ್ಕದಲ್ಲಿ ಮುಂದೆ! ಯಾವ ಎರಡು ಕಾರು ಹೋಲಿಸಿದರೂ ಈ ಭಾಗಾಕಾರವನ್ನು ಮೊದಲು ಮಾಡಿ. ತೂಕ ತಿರುವಿನಲ್ಲಿ, ಬ್ರೇಕಿನಲ್ಲಿ, ಟೈರಿನ ಸವೆತದಲ್ಲಿ ಮಾತಾಡುತ್ತದೆ.

ಆಮೇಲೆ ಬ್ಯಾಟರಿ. ಎಂ5ರ ಬ್ಯಾಟರಿಯಲ್ಲಿ ಪೆಟ್ರೋಲ್ ಇಲ್ಲದೆ 60 ಕಿ.ಮೀ. ಮೀರಿ ಓಡಬಹುದು ಅಂತ ಕಂಪನಿ ಲೆಕ್ಕ. ಮನೆಯಲ್ಲಿ ಚಾರ್ಜ್ ಹಾಕಿದರೆ ಆಫೀಸಿಗೆ ಹೋಗಿ ಬರೋದು ಸದ್ದಿಲ್ಲದೆ ಆಗಿಹೋಗುತ್ತದೆ. ಸಿ63ರಲ್ಲಿ ಅದು 13 ಕಿ.ಮೀ. ಮಾತ್ರ. ಅಲ್ಲಿ ಬ್ಯಾಟರಿ ಇರುವುದು ವೇಗಕ್ಕೆ, ಉಳಿತಾಯಕ್ಕಲ್ಲ. ಆ ಹಿಂದಿನ ಮೋಟರ್ ಡಿಕ್ಕಿಯ ಜಾಗವನ್ನೂ ತಿಂದಿದೆ. ಊರಿಗೆ ಹೊರಟಾಗ ನಾಲ್ಕು ಜನರ ಸೂಟ್‌ಕೇಸ್ ಹಿಡಿಯಬೇಕು ಅನ್ನುವವರಿಗೆ ಇದೊಂದೇ ಸಾಕು ತೀರ್ಮಾನ ಮಾಡೋಕೆ. ವಿ8 ಎಂಜಿನ್ನಿನ ಸದ್ದೇ ಪ್ರಾಣ ಅನ್ನುವವರಿಗೆ ತೀರ್ಮಾನ ಇನ್ನೂ ಬೇಗ ಆಗುತ್ತದೆ.

ಟೈರಿನ ಬದಿಯಲ್ಲಿರುವ ಅಂಕಿಯನ್ನೂ ಓದಿ. ಎಂ5ರ ಹಿಂದಿನ ಟೈರ್ 295/35 ಆರ್21. 295 ಅಂದರೆ ಮಿಲಿಮೀಟರ್‌ನಲ್ಲಿ ಅಗಲ, ಆರ್21 ಅಂದರೆ 21 ಇಂಚಿನ ರಿಮ್, 35 ಅಂದರೆ ಅಗಲದ 35% ಎತ್ತರದ ರಬ್ಬರ್. ಅಂದರೆ 103 ಮಿ.ಮೀ. ನಮ್ಮ ಮನೆಗಳಲ್ಲಿರುವ 195/65 ಆರ್15 ಟೈರಿನಲ್ಲಿ ಅದೇ 127 ಮಿ.ಮೀ. ಇದೆ, ಗಾಡಿಯ ತೂಕ ಅರ್ಧ. ಮಳೆಗಾಲದ ಗುಂಡಿಗೂ ದುಬಾರಿ ರಿಮ್ಮಿಗೂ ನಡುವೆ ಇರುವುದು ಈ ನಾಲ್ಕು ಬೆರಳು ರಬ್ಬರ್ ಅಷ್ಟೇ. ಆಯ್ಕೆ ಇದ್ದರೆ ಒಂದು ಇಂಚು ಸಣ್ಣ ರಿಮ್ ತೆಗೆದುಕೊಳ್ಳಿ. ನೋಡೋಕೆ ಸ್ವಲ್ಪ ಕಡಿಮೆ ಅನ್ನಿಸಬಹುದು, ಆದರೆ ನಮ್ಮ ರಸ್ತೆಗೆ ನಾನಂತೂ ಅದನ್ನೇ ಹೇಳುತ್ತೇನೆ.

ಫೋನಿನಲ್ಲೇ ಗಟ್ಟಿ ಮಾಡಿಕೊಳ್ಳಿ

ಷೋರೂಮ್‌ಗೆ ಸುಮ್ನೆ ಹೋಗಿ ನಿಲ್ಲಬೇಡಿ. ಮುಂಚೆಯೇ ಫೋನ್ ಮಾಡಿ. ಡೆಮೊ ಗಾಡಿ ನೀವು ಕೊಳ್ಳುವ ಮಾಡೆಲ್ಲೇನಾ ಅಂತ ಕೇಳಿ. ಇದು ನಮಗೆ ಒಂದು ಕಡೆ ಆಯಿತು. ಆರು ಸಿಲಿಂಡರಿನ ಗಾಡಿ ನೋಡೋಕೆ ಹೋದರೆ ನಾಲ್ಕು ಸಿಲಿಂಡರಿನದು ತಂದು ನಿಲ್ಲಿಸಿ "ಎರಡೂ ಒಂದೇ ಸರ್, ಪಿಕಪ್ ಸ್ವಲ್ಪ ಜಾಸ್ತಿ ಅಷ್ಟೇ" ಅಂದರು. ಒಂದೇ ಅಲ್ಲ. ಸಸ್ಪೆನ್ಷನ್ ಬೇರೆ, ಬ್ರೇಕ್ ಬೇರೆ, ಟೈರ್ ಬೇರೆ. ಕೆಲವು ಸಲ ಗಾಡಿಯ ಉದ್ದವೇ ಬೇರೆ. ನಮ್ಮಲ್ಲಿ ಮಾರುವ ಮಾಮೂಲಿ 5 ಸೀರೀಸ್ ಹಿಂದೆ ಕೂರುವವರಿಗಾಗಿ ಉದ್ದ ಮಾಡಿದ್ದು. ಎಂ5 ಹಾಗಲ್ಲ, ಎರಡು ಚಕ್ರಗಳ ನಡುವಿನ ಅಂತರದಲ್ಲಿ ಸುಮಾರು 10 ಸೆಂ.ಮೀ. ವ್ಯತ್ಯಾಸ ಇದೆ. ಒಂದರ ಹಿಂದಿನ ಸೀಟು ನೋಡಿ ಇನ್ನೊಂದನ್ನು ಕೊಂಡರೆ ಮೊಣಕಾಲು ಬಡಿಯುತ್ತದೆ.

ಒಂದು ಗಂಟೆ ಸಮಯ ಕೇಳಿ. ದಾರಿ ನಾವು ಹೇಳಿದ್ದು ಇರಲಿ ಅಂತಲೂ ಕೇಳಿ. ಬೆಳಗಿನ ಮೊದಲ ಹೊತ್ತು ಸಿಕ್ಕರೆ ಒಳ್ಳೆಯದು. ಹೈಬ್ರಿಡ್ ಆದರೆ "ಬ್ಯಾಟರಿ ಚಾರ್ಜ್ ಆಗಿರಲಿ" ಅಂತ ಹೇಳಿಡಿ. ಇಲ್ಲದಿದ್ದರೆ ಗಾಡಿಯ ಅರ್ಧ ಗುಣವಷ್ಟೇ ನೋಡಿದಂತೆ. ಓಡಿಸುವ ಮುಂಚೆ ಒಂದು ಫಾರಂಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದನ್ನು ಓದಿ. ಏನಾದರೂ ತಗುಲಿದರೆ ಇನ್ಶೂರೆನ್ಸ್ ಎಷ್ಟು ಕೊಡುತ್ತೆ, ನಿಮ್ಮ ತಲೆ ಮೇಲೆ ಎಷ್ಟು ಬರುತ್ತೆ ಅನ್ನೋದು ಅದರಲ್ಲಿ ಇರುತ್ತದೆ. ಭಾವ ಓದದೆ ಸಹಿ ಹಾಕಿದ್ದರು. ಎರಡನೇ ಸಲ ಕನ್ನಡಕ ಹಾಕಿಕೊಂಡು ಓದಿದರು.

ಎಂಜಿನ್ ಶುರು ಮಾಡುವ ಮುಂಚೆ ಹತ್ತು ನಿಮಿಷ

ಮನೆಯವರೆಲ್ಲ ಬರಲಿ. ಡ್ರೈವರ್ ಸೀಟನ್ನು ನಿಮ್ಮ ಅಳತೆಗೆ ಹೊಂದಿಸಿ, ಆಮೇಲೆ ಅದರ ಹಿಂದಿನ ಸೀಟಿನಲ್ಲಿ ಎತ್ತರದವರನ್ನು ಕೂರಿಸಿ. ವಯಸ್ಸಾದವರು ಹತ್ತಿ ಇಳಿಯುವುದನ್ನು ನೋಡಿ. ಈ ಗಾಡಿಗಳು ನೆಲಕ್ಕೆ ಹತ್ತಿರ. ಮಂಡಿ ನೋವಿರುವವರಿಗೆ ಕೂರುವುದು ಸುಲಭ, ಏಳುವುದು ಕಷ್ಟ. ಸ್ಪೋರ್ಟ್ಸ್ ಸೀಟಿನ ಎರಡೂ ಬದಿಯ ಉಬ್ಬು ದಪ್ಪ ಇರುವವರಿಗೆ ತೊಡೆ ಒತ್ತುತ್ತದೆ, ಅದು 12 ನಿಮಿಷದಲ್ಲಿ ಗೊತ್ತಾಗುವುದಿಲ್ಲ. ಪೆಟ್ರೋಲ್ ಮುಚ್ಚಳ ತೆಗೆಸಿ ಒಳಗಿನ ಚೀಟಿ ಓದಿ. ಎಷ್ಟು ಆಕ್ಟೇನ್ ಬೇಕು, ಎಥನಾಲ್ ಎಷ್ಟರವರೆಗೆ ಆಗುತ್ತೆ ಅಂತ ಅಲ್ಲೇ ಇರುತ್ತದೆ. 95, 100 ಆಕ್ಟೇನ್ ಪೆಟ್ರೋಲ್ ಬೆಂಗಳೂರಿನಲ್ಲಿ ಸಿಗುತ್ತದೆ, ನಿಮ್ಮ ಊರಿನ ಬಂಕಿನಲ್ಲಿ ಸಿಗುತ್ತಾ ನೋಡಿಕೊಳ್ಳಿ. ಡಿಕ್ಕಿಯಲ್ಲಿ ಸ್ಟೆಪ್ನಿ ಇದೆಯಾ, ಇಲ್ಲ ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರಾ ಅನ್ನೋದೂ ಮುಖ್ಯ.

ಓಡಿಸುವುದು

ಮೊದಲ ಕಾಲು ಗಂಟೆ ಕಂಫರ್ಟ್ ಮೋಡ್‌ನಲ್ಲೇ ಇರಲಿ. ಸ್ಪೋರ್ಟ್ ಬಟನ್ ಮುಟ್ಟಬೇಡಿ. ದಿನಾ ನೀವು ಓಡಿಸುವುದು ಕಂಫರ್ಟ್‌ನಲ್ಲೇ. ಹಿಂದಿನ ಸೀಟಿನ ಕಪ್ ಹೋಲ್ಡರ್‌ನಲ್ಲಿ ಅರ್ಧ ತುಂಬಿದ ನೀರಿನ ಬಾಟಲಿ ಇಡಿ. ಹಿಂದೆ ಕೂತವರಿಗೆ ಅದನ್ನೇ ನೋಡೋಕೆ ಹೇಳಿ. ಸಿಗ್ನಲ್‌ನಲ್ಲಿ ನಿಂತು, ಮುಂದಿನ ಆಟೋ ಹತ್ತಡಿ ಸರಿದಾಗ ನೀವೂ ಹತ್ತಡಿ ಸರಿದು, ಮತ್ತೆ ನಿಂತು... ಇದನ್ನೇ ಹತ್ತು ಸಲ ಮಾಡಿ. ನೀರು ಎಷ್ಟು ಕುಲುಕುತ್ತದೆ?

ಇದಕ್ಕೆ ಕಾರಣ ಗೇರ್‌ಬಾಕ್ಸ್. ಎಂ340ಐ, ನಮ್ಮಲ್ಲಿ ಮಾರಿದ ಎಸ್5 ಇವುಗಳಲ್ಲಿ ಟಾರ್ಕ್ ಕನ್ವರ್ಟರ್ ಇರುವ 8 ಗೇರಿನ ಆಟೋಮ್ಯಾಟಿಕ್. ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆಯ ಹರಿವು ಇರುವುದರಿಂದ ತೆವಳುವಾಗ ಮೃದು. ಸಿ43, ಸಿ63ರ 9 ಗೇರಿನ ಪೆಟ್ಟಿಗೆಯಲ್ಲಿ ಕನ್ವರ್ಟರ್ ಬದಲು ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಇದೆ. ವೇಗದಲ್ಲಿ ಗೇರ್ ಚಕಚಕ ಬೀಳುತ್ತದೆ, ಟ್ರಾಫಿಕ್ಕಿನಲ್ಲಿ ಹೇಗೆ ಅನ್ನೋದನ್ನು ನಿಮ್ಮ ಕಾಲೇ ಹೇಳಬೇಕು. ಏರಿನಲ್ಲಿ ನಿಲ್ಲಿಸಿ ಬ್ರೇಕ್ ಬಿಟ್ಟು ನೋಡಿ. ಬೇಸ್‌ಮೆಂಟ್ ಪಾರ್ಕಿಂಗ್‌ನ ಏರಾದರೆ ಇನ್ನೂ ಒಳ್ಳೆಯದು.

ಹೈಬ್ರಿಡ್‌ನಲ್ಲೂ ಎಲೆಕ್ಟ್ರಿಕ್‌ನಲ್ಲೂ ಬ್ರೇಕ್ ಮೇಲೆ ಗಮನ ಜಾಸ್ತಿ ಇರಲಿ. ಅಲ್ಲಿ ಮೊದಲು ಮೋಟರ್ ವೇಗ ತಗ್ಗಿಸಿ ಬ್ಯಾಟರಿಗೆ ಕರೆಂಟ್ ಕಳಿಸುತ್ತದೆ, ಆಮೇಲೆ ನಿಜವಾದ ಬ್ರೇಕ್ ಪ್ಯಾಡ್ ಹಿಡಿಯುತ್ತದೆ. ಆ ಕೈಬದಲು ಆಗುವ ಜಾಗದಲ್ಲಿ, ಸಾಮಾನ್ಯವಾಗಿ ಕೊನೆಯ 10-15 ಕಿ.ಮೀ. ವೇಗದಲ್ಲಿ, ಪೆಡಲ್ ಒಂಥರಾ ಜಾರಿದ ಹಾಗೆ ಅನ್ನಿಸಬಹುದು. ಕೆಲವರಿಗೆ ಒಂದು ವಾರದಲ್ಲಿ ರೂಢಿಯಾಗುತ್ತದೆ, ಕೆಲವರಿಗೆ ಕೊನೆವರೆಗೂ ಆಗುವುದಿಲ್ಲ. ಹಿಂದೆ ಯಾವ ಗಾಡಿಯೂ ಇಲ್ಲದ ನೇರ ರಸ್ತೆಯಲ್ಲಿ 60ರಿಂದ ಒಂದೆರಡು ಸಲ ಗಟ್ಟಿಯಾಗಿ ಬ್ರೇಕ್ ಹಾಕಿ. ಜೊತೆಗೆ ಬಂದ ಸೇಲ್ಸ್‌ನವರಿಗೆ ಮೊದಲೇ ಹೇಳಿ ಹಾಕಿ.

ಈಗ ಹಂಪ್. ರಸ್ತೆ ನಿಯಮದ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಅಂಥದ್ದರ ಮೇಲೆ ಎಲ್ಲ ಗಾಡಿಯೂ ಸಲೀಸಾಗಿ ಹೋಗುತ್ತದೆ. ತೊಂದರೆ ಇರುವುದು ಬೀದಿಯವರೇ ಸೇರಿ ಒಂದು ರಾತ್ರಿಯಲ್ಲಿ ಸಿಮೆಂಟ್ ಹಾಕಿ ಕಟ್ಟಿದ್ದರ ಮೇಲೆ. ನಮ್ಮ ಬೀದಿಯಲ್ಲಿ ದೇವಸ್ಥಾನದ ಮುಂದೆ ಅಂಥದ್ದೊಂದಿದೆ. ನಾವು ಓಡಿಸಿ ನೋಡಿದ ಮೂರೂ ಗಾಡಿಗಳನ್ನು ಅದರ ಮೇಲೆ ಹತ್ತಿಸಿದೆವು. ನಾನು ಕೆಳಗೆ ಇಳಿದು ಬಗ್ಗಿ ನೋಡುತ್ತಿದ್ದೆ. ಒಬ್ಬರೇ ಕೂತಾಗ ದಾಟಿದ ಗಾಡಿ ನಾಲ್ಕು ಜನ ಕೂತಾಗ ಹೊಟ್ಟೆ ತಾಗಿಸಿಕೊಂಡು "ಸರ್ರ್" ಅಂತ ಸದ್ದು ಮಾಡಿತು. ಸೇಲ್ಸ್ ಹುಡುಗನ ಮುಖ ನೋಡಬೇಕಿತ್ತು, ಪಾಪ. ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿದರೆ ಅದೇ ಗಾಡಿ ದಾಟಿತು. ಗಾಳಿ ಸಸ್ಪೆನ್ಷನ್ ಇರುವ ಟೈಕಾನ್‌ನಂಥ ಗಾಡಿಗಳಲ್ಲಿ ಎತ್ತರ ಏರಿಸುವ ಸೌಲಭ್ಯ ಇದೆ. ಏರಿಸಿದ ಜಾಗವನ್ನು ಒಮ್ಮೆ ಗಾಡಿಯಲ್ಲಿ ಉಳಿಸಿಟ್ಟರೆ ಮುಂದಿನ ಸಲ ಅಲ್ಲಿ ತಾನೇ ಏರಿಸುತ್ತದೆ. ಮನೆ ಮುಂದೆ ಕೆಟ್ಟ ಹಂಪ್ ಇರುವವರಿಗೆ ಇದು ದೊಡ್ಡ ಸಮಾಧಾನ.

ಇಷ್ಟಾದ ಮೇಲೆ ಸ್ಪೋರ್ಟ್ ಮೋಡ್. ಹೆದ್ದಾರಿಯಲ್ಲಿ 60ರಿಂದ 100ಕ್ಕೆ ಎಳೆದು ನೋಡಿ, ಲಾರಿ ಹಿಂದಿಕ್ಕಲು ಬೇಕಾಗುವುದು ಇದೇ. ಆಕ್ಸಿಲರೇಟರ್ ಒತ್ತಿದ ಕ್ಷಣಕ್ಕೂ ಗಾಡಿ ಚಿಮ್ಮುವ ಕ್ಷಣಕ್ಕೂ ನಡುವಿನ ತಡ ಎಷ್ಟು ಅಂತ ಗಮನಿಸಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ಮಿತಿ 100, ಕ್ಯಾಮೆರಾಗಳಿವೆ. 100ರ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗಿರುತ್ತೀರಿ, ಅಷ್ಟರಲ್ಲಿ ಯಾರೋ ಒಬ್ಬರು ಡಿವೈಡರ್ ದಾಟಿರುತ್ತಾರೆ. ನಿಂತಲ್ಲಿಂದ ಪೂರ್ತಿ ಶಕ್ತಿಯಲ್ಲಿ ಚಿಮ್ಮಿಸುವ ಲಾಂಚ್ ಕಂಟ್ರೋಲ್ ಹಾಕಿ ನೋಡುವ ಆಸೆ ಇದ್ದರೆ ದಯವಿಟ್ಟು ರಸ್ತೆಯಲ್ಲಿ ಬೇಡ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ನಮಗೆ ಹತ್ತಿರದ ಟ್ರ್ಯಾಕ್‌ಗಳು. ಕಂಪನಿಗಳು ಗ್ರಾಹಕರಿಗಾಗಿ ಟ್ರ್ಯಾಕ್ ದಿನಗಳನ್ನು ಮಾಡುತ್ತವೆ, ಮುಂದಿನದು ಯಾವಾಗ ಅಂತ ಕೇಳಿಡಿ.

ಸದ್ದಿನ ಬಗ್ಗೆ ಒಂದು ಮಾತು. ಈಗಿನ ಎಷ್ಟೋ ಗಾಡಿಗಳಲ್ಲಿ ಒಳಗೆ ಕೇಳುವ ಗುಡುಗಿನಲ್ಲಿ ಸ್ಪೀಕರ್‌ನ ಪಾಲೂ ಇರುತ್ತದೆ. ಆ ಸೆಟ್ಟಿಂಗ್ ಆಫ್ ಮಾಡಿಸಿ, ಕಿಟಕಿ ಇಳಿಸಿ, ಒಂದು ಗೋಡೆಯ ಪಕ್ಕ ಓಡಿಸಿ ಕೇಳಿ. ಅದೇ ಅದರ ಸ್ವಂತ ದನಿ.

ನಮಗೆ ತೀರ್ಮಾನ ಸಿಕ್ಕಿದ್ದು ಮಾತ್ರ ಇದ್ಯಾವುದರಿಂದಲೂ ಅಲ್ಲ. ಅಕ್ಕ ಹಿಂದೆ ಕೂತಿದ್ದಳು. ಒಂದು ಗಾಡಿಯಲ್ಲಿ ಬಾಗಿಲ ಮೇಲಿನ ಹಿಡಿಯನ್ನು ಹತ್ತಿದಾಗಿನಿಂದ ಇಳಿಯೋವರೆಗೂ ಬಿಡಲಿಲ್ಲ. ಬೆರಳ ಗೆಣ್ಣು ಬೆಳ್ಳಗಾಗಿತ್ತು. ಇನ್ನೊಂದರಲ್ಲಿ ಹತ್ತು ನಿಮಿಷ ಹಿಡಿದಿದ್ದಳು, ಆಮೇಲೆ ಕೈ ತಾನಾಗೇ ಮಡಿಲಿಗೆ ಬಂತು, ಮಗಳಿಗೆ ಫೋನ್ ಮಾಡಿ ಮಾತಾಡತೊಡಗಿದಳು. ಭಾವ ಕನ್ನಡಿಯಲ್ಲಿ ಅದನ್ನು ನೋಡಿದರು, ನಾನೂ ನೋಡಿದೆ.

ಇಳಿದ ಕೂಡಲೇ, ಬುಕ್ ಮಾಡುವ ಮುಂಚೆ

ಪಾರ್ಕಿಂಗ್‌ನಲ್ಲೇ ನಿಂತು ಬರೆದುಕೊಳ್ಳಿ. ಕಾಫಿ ಕುಡಿದು ಬರೆಯೋಣ ಅಂದರೆ ಅರ್ಧ ಮರೆತಿರುತ್ತೀರಿ. ಎಲ್ಲರೂ ಬೇರೆ ಬೇರೆ ಬರೆಯಲಿ, ಆಮೇಲೆ ಹೋಲಿಸಿ. ಸಾಧ್ಯವಾದರೆ ಎಲ್ಲ ಗಾಡಿಯೂ ಒಂದೇ ದಾರಿ, ಒಂದೇ ಹೊತ್ತು. ಇಷ್ಟವಾದದ್ದನ್ನು ಒಂದು ವಾರ ಬಿಟ್ಟು ಇನ್ನೊಮ್ಮೆ ಓಡಿಸಿ.

ನಾಲ್ಕು ಟೈರಿಗೆ ಎಷ್ಟು, ಮುಂದಿನ ಬ್ರೇಕ್ ಡಿಸ್ಕ್ ಮತ್ತು ಪ್ಯಾಡಿಗೆ ಎಷ್ಟು, ಐದು ವರ್ಷದ ಸರ್ವಿಸ್ ಪ್ಯಾಕೇಜಿಗೆ ಎಷ್ಟು, ಹೈಬ್ರಿಡ್ ಬ್ಯಾಟರಿಗೆ ವಾರಂಟಿ ಎಷ್ಟು ವರ್ಷ, ಇಷ್ಟನ್ನೂ ಬರಹದಲ್ಲಿ ತೆಗೆದುಕೊಳ್ಳಿ. ಬೆಂಗಳೂರಿನ ಹೊರಗಿರುವವರು ಗಾಡಿ ಕೆಟ್ಟರೆ ಯಾರು ಬಂದು ಎತ್ತಿಕೊಂಡು ಹೋಗುತ್ತಾರೆ, ಎಲ್ಲಿಗೆ, ಅಂತ ಕೇಳಿ. ಇನ್ಶೂರೆನ್ಸ್‌ನಲ್ಲಿ ಎಂಜಿನ್ ಪ್ರೊಟೆಕ್ಷನ್ ಮತ್ತು ಟೈರ್ ಕವರ್ ಬಿಡಬೇಡಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು, ಬೆಳ್ಳಂದೂರು ಕಡೆ ಇಂಥವೇ ದುಬಾರಿ ಕಾರುಗಳು ನೀರಲ್ಲಿ ನಿಂತಿದ್ದನ್ನು ನಾವೆಲ್ಲ ನೋಡಿದ್ದೇವೆ.

ಡೆಲಿವರಿಗೆ ಹಗಲು ಹೊತ್ತೇ ಹೋಗಿ. ಚಾಸಿ ನಂಬರ್ ಕಾಗದದ ಜೊತೆ ತಾಳೆ ನೋಡಿ. ಟೈರಿನ ಬದಿಯಲ್ಲಿ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2325 ಅಂದರೆ 2025ರ 23ನೇ ವಾರದ ಟೈರ್. ಮುಂದಿನ ಬಂಪರ್ ಅಡಿಗೆ ಫೋನಿನ ಟಾರ್ಚ್ ಹಾಕಿ ಗೀರು ಇದೆಯಾ ನೋಡಿ, ಲಾರಿಯಿಂದ ಇಳಿಸುವಾಗ ತರಚಿರಬಹುದು.

ಭಾವ ಬುಕ್ ಮಾಡಿದ್ದು ಅಕ್ಕ ಹಿಡಿ ಬಿಟ್ಟ ಗಾಡಿಯನ್ನೇ. ಊರಿಗೆ ಹೋದ ಮರುದಿನ ಫೋನ್ ಬಂತು. ತೋಟದ ಗೇಟಿನ ಮುಂದೆ ಚರಂಡಿಯ ಚಪ್ಪಡಿ ಒಂದು ಗೇಣು ಎದ್ದು ನಿಂತಿದೆಯಂತೆ, ಟೇಪ್ ಹಿಡಿದು ಅಳೆದಿದ್ದಾರೆ. "ಕಾರು ಬರೋಕೆ ಇನ್ನೂ ತಿಂಗಳಿದೆ ಮಾರಾಯ, ನಾಳೆ ಗಾರೆಯವನನ್ನು ಕರೆಸಿದೀನಿ" ಅಂದರು.